ಆಟೋಕ್ರಾಸ್: ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಿದರೂ ಕಾರು ನಿಧಾನವೇಕೆ?

ಖಾಲಿ ಪಾರ್ಕಿಂಗ್ ಜಾಗ ಅಥವಾ ಹಳೆಯ ಏರ್‌ಫೀಲ್ಡ್, ಒಂದಷ್ಟು ಕಿತ್ತಳೆ ಬಣ್ಣದ ಕೋನ್‌ಗಳು, ಒಂದು ಟೈಮರ್. ಅಮೆರಿಕದ ಹವ್ಯಾಸಿ ಚಾಲಕರ ಅಚ್ಚುಮೆಚ್ಚಿನ ಆಟೋಕ್ರಾಸ್ ಸ್ಪರ್ಧೆಗೆ ಬೇಕಿರುವುದು ಇಷ್ಟೇ. ಸಮಯದೊಂದಿಗೆ ಸುಮಾರು 1 ನಿಮಿಷದ ಸೆಣಸಾಟ. ಒಂದು ಕೋನ್ ಬಿದ್ದರೆ 2 ಸೆಕೆಂಡ್ ದಂಡ.

ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಪ್ರತಿವರ್ಷ ನೆಬ್ರಾಸ್ಕಾದ ಲಿಂಕನ್‌ನಲ್ಲಿ ನಡೆಸುವ ಸೋಲೊ ನ್ಯಾಷನಲ್ಸ್‌ನಲ್ಲಿ ಚಾಲಕರಿಗೆ ಎರಡು ಕೋರ್ಸ್, ಪ್ರತಿಯೊಂದರಲ್ಲೂ 3 ಓಟ. ಕೋರ್ಸನ್ನು ಮೊದಲು ನಡೆದು ನೋಡಬಹುದು, ಕಾರು ಓಡಿಸಿ ಅಲ್ಲ. ಅಂದರೆ ಕಾರಿನ ಟ್ಯೂನಿಂಗ್ ಮನೆಯಿಂದಲೇ ಸರಿಯಾಗಿ ಬಂದಿರಬೇಕು. ಅಲ್ಲಿನ ಸ್ಟ್ರೀಟ್ ವಿಭಾಗದಲ್ಲಿ ಕಂಪನಿ ಕೊಟ್ಟ ಸ್ಪ್ರಿಂಗ್ ಬದಲಿಸುವಂತಿಲ್ಲ, ಆದರೆ ಶಾಕ್ ಅಬ್ಸಾರ್ಬರ್ ಬದಲಿಸಬಹುದು. ಹಾಗಾಗಿ ಹವ್ಯಾಸಿಗಳ ಜೇಬಿನ ಹಣ ಹರಿಯುವುದು ಅಲ್ಲಿಗೇ.

ಶಾಕ್ ಮಾಡುವ ಕೆಲಸವೇನು?

ಇಲ್ಲೇ ಬಹುತೇಕರು ಎಡವುವುದು. ಶಾಕ್ ಗಟ್ಟಿಯಿದ್ದರೆ ತಿರುವಿನಲ್ಲಿ ಕಾರು ವಾಲುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಆಫೀಸಿನ ಬಾಗಿಲ ಡೋರ್ ಕ್ಲೋಸರ್ ನೆನಪಿಸಿಕೊಳ್ಳಿ. ಬಾಗಿಲು ಮುಚ್ಚುವುದು ಸ್ಪ್ರಿಂಗ್, ಎಷ್ಟು ನಿಧಾನವಾಗಿ ಮುಚ್ಚಬೇಕು ಎಂದು ನಿರ್ಧರಿಸುವುದು ಒಳಗಿನ ಎಣ್ಣೆ. ಕಾರಿನಲ್ಲೂ ಹಾಗೆಯೇ. ಎಷ್ಟು ವಾಲಬೇಕು ಎಂಬುದು ಸ್ಪ್ರಿಂಗ್ ಮತ್ತು ಆಂಟಿ-ರೋಲ್ ಬಾರ್ ಕೈಯಲ್ಲಿದೆ, ಎಷ್ಟು ಬೇಗ ವಾಲಬೇಕು ಎಂಬುದು ಶಾಕ್ ಕೈಯಲ್ಲಿ. ಉದ್ದನೆಯ ಒಂದೇ ತಿರುವಿನಲ್ಲಿ ಕಾರು ಸ್ಥಿರವಾಗಿ ವಾಲಿ ನಿಂತ ಮೇಲೆ ಶಾಕ್‌ಗೆ ಹೆಚ್ಚು ಕೆಲಸವಿಲ್ಲ. ಆದರೆ ಆಟೋಕ್ರಾಸ್ ಕಾರು ಎಡ-ಬಲ ಎಂದು ಹೊರಳುತ್ತಲೇ ಇರುತ್ತದೆ, ಸ್ಥಿರವಾಗುವ ಅವಕಾಶವೇ ಅಪರೂಪ.

ಈ ಹೊರಳಾಟದಲ್ಲಿ ಶಾಕ್ ಒಳಗಿನ ಪಿಸ್ಟನ್ ಚಲಿಸುವುದು ನಿಧಾನವಾಗಿ, ಹೆಚ್ಚಾಗಿ ಸೆಕೆಂಡಿಗೆ 75 ಮಿ.ಮೀ.ಗಿಂತ ಕಡಿಮೆ ವೇಗದಲ್ಲಿ. ಟ್ಯೂನರ್‌ಗಳು 'ಲೋ ಸ್ಪೀಡ್' ಎನ್ನುವುದು ಇದಕ್ಕೆ, ಕಾರಿನ ವೇಗಕ್ಕಲ್ಲ. ಗುಂಡಿಗೆ ಬಿದ್ದಾಗ ಪಿಸ್ಟನ್ ವೇಗ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಆಟೋಕ್ರಾಸ್‌ಗೆ ಬೇಕಾದ ಶಾಕ್ ಲೋ ಸ್ಪೀಡ್‌ನಲ್ಲಿ ಬಿಗಿಯಾಗಿರಬೇಕು, ಗುಂಡಿ ಸಿಕ್ಕಾಗ ಬಿಟ್ಟುಕೊಡಬೇಕು.

ಕೊಳ್ಳುವ ಮುನ್ನ ಕೇಳಬೇಕಾದ್ದು

ಕಸ್ಟಮ್ ಶಾಕ್ ಎಂದರೆ ನಿಮ್ಮ ಕಾರಿನ ಪ್ರತಿ ಚಕ್ರದ ಮೇಲಿನ ತೂಕ ಮತ್ತು ಸ್ಪ್ರಿಂಗ್ ರೇಟ್‌ಗೆ ತಕ್ಕಂತೆ ಒಳಗಿನ ವಾಲ್ವ್ ಹೊಂದಿಸಿದ್ದು. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಡ್ಯಾಂಪಿಂಗ್ ಎರಡು ಪಟ್ಟು ಬೇಕಿಲ್ಲ, ವರ್ಗಮೂಲದ ಲೆಕ್ಕದಂತೆ ಸುಮಾರು 1.41 ಪಟ್ಟು ಸಾಕು. ಈ ಲೆಕ್ಕ ಕೇಳದೆ 'ರೇಸ್ ವಾಲ್ವಿಂಗ್' ಮಾಡಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡದಿರುವುದೇ ಲೇಸು.

ಡೈನೊ ಗ್ರಾಫ್ ಕೇಳಿ ಪಡೆಯಬೇಕು. ಎಡ ಮತ್ತು ಬಲ ಶಾಕ್‌ಗಳ ಗೆರೆಗಳು ಒಂದರ ಮೇಲೊಂದು ಕೂರುತ್ತವೆಯೇ ಎಂಬುದೇ ಮೊದಲ ಪರೀಕ್ಷೆ. ಒಂದೇ ಕ್ಲಿಕ್‌ನಲ್ಲಿ ಎರಡೂ ಬೇರೆ ಬೇರೆ ಬಲ ತೋರಿಸಿದರೆ ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ನಾಬ್ ಎಷ್ಟಿದ್ದರೂ ಪ್ರಯೋಜನವಿಲ್ಲ. ಮೊದಲ ಬಾರಿಗೆ ಕೊಳ್ಳುವವರಿಗೆ ಕೋನಿ ಯೆಲ್ಲೋ ತರಹದ, ರಿಬೌಂಡ್ ಒಂದನ್ನೇ ಹೊಂದಿಸುವ ಶಾಕ್ ಸಾಕಾಗುತ್ತದೆ. ನಾಬ್ ಹೆಚ್ಚಿದಷ್ಟೂ ತಪ್ಪು ಮಾಡುವ ದಾರಿಯೂ ಹೆಚ್ಚು.

ಟ್ಯೂನಿಂಗ್ ಎಲ್ಲಿಂದ ಶುರು?

ಮೊದಲು ಟೈರ್ ಪ್ರೆಷರ್ ಸರಿಮಾಡಿಕೊಳ್ಳಬೇಕು. ನಂತರ ರಿಬೌಂಡ್ ಅನ್ನು ಪೂರ್ತಿ ಸಡಿಲಗೊಳಿಸಿ, ಕಾರು ತೇಲಿದಂತಾಗುವುದು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋಗಬೇಕು. ಅತಿಯಾದರೆ, ಸಾಲು ಉಬ್ಬುಗಳ ಮೇಲೆ ಕುಗ್ಗಿದ ಸ್ಪ್ರಿಂಗ್ ಮತ್ತೆ ಅರಳುವಷ್ಟರಲ್ಲಿ ಮುಂದಿನ ಉಬ್ಬು ಬಂದುಬಿಡುತ್ತದೆ. ಕಾರು ಮೆಲ್ಲಗೆ ಕೆಳಗೆ ಕೂರುತ್ತದೆ, ಟೈರ್ ಹಿಡಿತ ಕಳೆದುಕೊಳ್ಳುತ್ತದೆ. ಚಾಲಕನಿಗೆ ಮಾತ್ರ ಕಾರು ಬಿಗಿಯಾಗಿ, ಚುರುಕಾಗಿಯೇ ಇದೆ ಅನಿಸುತ್ತದೆ! ದುಬಾರಿ ಶಾಕ್ ಹಾಕಿಯೂ ಸಮಯ ಇಳಿಯದಿರುವ ಗುಟ್ಟು ಹಲವು ಬಾರಿ ಇದೇ.

ತಿರುವಿಗೆ ಇಳಿಯುವ ಕ್ಷಣದಲ್ಲಿ ಕಾರಿನ ಮುಂಭಾಗ ಹೊರಕ್ಕೆ ಜಾರಿದರೆ ಮುಂದಿನ ಶಾಕ್, ಹಿಂಭಾಗ ಜಾರಿದರೆ ಹಿಂದಿನ ಶಾಕ್ ಒಂದೆರಡು ಕ್ಲಿಕ್ ಸಡಿಲಿಸಿ ನೋಡಬಹುದು. ಉದ್ದನೆಯ ತಿರುವಿನ ಮಧ್ಯದಲ್ಲೂ ಜಾರುತ್ತಲೇ ಇದ್ದರೆ ಹುಡುಕಬೇಕಾದ್ದು ಟೈರ್, ಆಂಟಿ-ರೋಲ್ ಬಾರ್ ಕಡೆಗೆ.

ಒಂದು ಓಟಕ್ಕೆ ಒಂದೇ ಬದಲಾವಣೆ, ಅದನ್ನೂ ಬರೆದಿಟ್ಟುಕೊಳ್ಳಬೇಕು. ಕೊನೆಗೆ ಮೊದಲ ಸೆಟ್ಟಿಂಗ್‌ಗೆ ಮರಳಿ ಇನ್ನೊಂದು ಓಟ ಓಡಿಸಬೇಕು. ಆ ಓಟವೂ ವೇಗವಾಗಿದ್ದರೆ ಸುಧಾರಿಸಿದ್ದು ಕಾರಲ್ಲ, ಕೋರ್ಸ್ ಕಲಿತ ಚಾಲಕ.

ಭಾರತದಲ್ಲಿ ಆಟೋಕ್ರಾಸ್ ಹೆಚ್ಚಾಗಿ ನಡೆಯುವುದು ಮಣ್ಣಿನ ಟ್ರ್ಯಾಕ್‌ನಲ್ಲಿ. ಹಾಗಾಗಿ ಅಮೆರಿಕದ ಟಾರು-ಕಾಂಕ್ರೀಟ್ ನೆಲದ ಸೆಟ್ಟಿಂಗ್‌ಗಳನ್ನು ಇಲ್ಲಿ ನಕಲು ಮಾಡುವಂತಿಲ್ಲ. ಸಡಿಲ ಮಣ್ಣು, ತಗ್ಗು-ದಿಣ್ಣೆಯಲ್ಲಿ ಚಕ್ರ ನೆಲ ಬಿಡದಿರಲು ರಿಬೌಂಡ್ ಸಡಿಲವಾಗಿರಬೇಕು, ಶಾಕ್‌ಗೆ ಮೇಲೆ-ಕೆಳಗೆ ಚಲಿಸಲು ಹೆಚ್ಚು ಜಾಗವೂ ಬೇಕು.