ಭಜ್ಜಿ! ಒಂದು ಗುಂಡಿಯೊಳಗೆ ಇಡೀ ಹೊಲ

ಚೀಸ್ ಒಂದು ಚೂರೂ ಇಲ್ಲ. ಬೆಣ್ಣೆ ಇಲ್ಲ, ಕೆನೆ ಇಲ್ಲ. ಆದರೂ ಸಜ್ಜೆ ರೊಟ್ಟಿಯ ತುಣುಕನ್ನು ಅದ್ದಿ ಎತ್ತಿದರೆ ಮಂದವಾಗಿ ಅಂಟಿಕೊಂಡೇ ಬರುತ್ತದೆ. ಬಾಯಿಗಿಟ್ಟರೆ ಮೊದಲು ಹುಳಿ, ಬೆನ್ನಿಗೇ ಬೆಳ್ಳುಳ್ಳಿ, ಆಮೇಲೆ ಹಸಿ ತೊಗರಿಯ ಸಿಹಿ, ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಹಸಿಮೆಣಸಿನಕಾಯಿಯ ಖಾರ! ಇದು ಭಜ್ಜಿ. ಸಂಜೆ ಚಹಾದ ಜೊತೆ ತಿನ್ನುವ ಕರಿದ ಬಜ್ಜಿ ಅಲ್ಲವೇ ಅಲ್ಲ. ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯವರು ಎಳ್ಳ ಅಮವಾಸ್ಯೆಗೆಂದೇ ಗುಂಡಿ ಎಂಬ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕುದಿಸಿ, ಹೊಲಕ್ಕೆ ಹೊತ್ತೊಯ್ದು, ಬಂದವರಿಗೆಲ್ಲ ಬಡಿಸುವ ಭಜ್ಜಿ.

ಅಮೆರಿಕದಲ್ಲಿ ಡಿಸೆಂಬರ್ ಬಂತೆಂದರೆ ಎಷ್ಟೋ ಮನೆಗಳ ಪಾರ್ಟಿಯಲ್ಲಿ ಮೇಜಿನ ನಡುವೆ ಸ್ಲೋ ಕುಕರ್, ಅಂದರೆ ಸಣ್ಣ ಕಾವಿನಲ್ಲಿ ತಾಸುಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ, ಕೂತಿರುತ್ತದೆ. ಒಳಗೆ ಕರಗಿದ ಚೀಸಿನ ಬಿಸಿ ಡಿಪ್. ಬಂದವರು ಚಿಪ್ಸ್ ಅದ್ದುತ್ತಾರೆ, ಹರಟುತ್ತಾರೆ, ಮತ್ತೆ ಅದ್ದುತ್ತಾರೆ. ನಮ್ಮ ಎಳ್ಳ ಅಮವಾಸ್ಯೆಯೂ ಅದೇ ಹೊತ್ತಿಗೆ ಬರುತ್ತದೆ ನೋಡಿ. ಮಾರ್ಗಶಿರದ ಅಮವಾಸ್ಯೆ 2024ರಲ್ಲಿ ಡಿಸೆಂಬರ್ 30ಕ್ಕೆ ಬಂತು, 2025ರಲ್ಲಿ ಡಿಸೆಂಬರ್ 19ಕ್ಕೆ. ಅದೇ ಚಳಿ, ಅದೇ ವರ್ಷಾಂತ್ಯ, ಹಾಗೇ ಒಂದು ಪಾತ್ರೆಯ ಸುತ್ತ ಸೇರಿದ ಮಂದಿ. ಆದರೆ ನಮ್ಮ ಪಾತ್ರೆಯೊಳಗೆ ಇಣುಕಿದರೆ ತಲೆ ತಿರುಗುತ್ತದೆ!

ಮೊದಲು ಹಸಿ ತೊಗರಿಕಾಳು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು, ಆ ಬೇಳೆ ನಾಡಿಗೆಲ್ಲ ಗೊತ್ತು. ಬೇಳೆಯಾಗುವ ಮೊದಲು, ಕಾಯಿ ಇನ್ನೂ ಹಸಿರಾಗಿರುವಾಗ ಸುಲಿದ ಕಾಳಿನ ರುಚಿ ಮಾತ್ರ ಬೇಳೆ ಕೊಳ್ಳುವವರಿಗೆ ಗೊತ್ತೇ ಇಲ್ಲ! ಅದರ ಜೊತೆಗೆ ಅವರೆ, ಬಟಾಣಿ, ಹಸಿ ಕಡಲೆ, ನೆನೆಸಿದ ಶೇಂಗಾ. ಮೇಲೆ ಮೆಂತೆ, ಪಾಲಕ, ಪುಂಡಿಪಲ್ಲೆ, ಉಳ್ಳಾಗಡ್ಡಿಯ ತಪ್ಪಲು, ಕೊತ್ತಂಬರಿ. ಎಳೆ ಬದನೆಕಾಯಿ, ಗಜ್ಜರಿ. ಇಷ್ಟಕ್ಕೆ ನಿಂತಿತೇ? ಬಾರಿಹಣ್ಣು ಬೀಳುತ್ತದೆ, ಕೆಲವರ ಮನೆಯಲ್ಲಿ ಪೇರಲವೂ! ಎಳ್ಳಿನ ಪುಡಿಯಂತೂ ಹಬ್ಬದ ಹೆಸರಿಗೇ ಸಲ್ಲಬೇಕಾದದ್ದು. ಬದನೆಕಾಯಿ ಇಲ್ಲದ ಭಜ್ಜಿಯನ್ನು ನಾನು ಭಜ್ಜಿಯೆಂದು ಒಪ್ಪುವುದಿಲ್ಲ. ಪೇರಲದ ವಿಷಯಕ್ಕೆ ಮಾತ್ರ ಯಾರ ಜೊತೆಗೂ ಜಗಳಕ್ಕೆ ನಿಲ್ಲಲಾರೆ.

ಇಷ್ಟೆಲ್ಲ ಒಂದೇ ವಾರದಲ್ಲಿ ಹೇಗೆ ಸಿಗುತ್ತದೆ? ಉತ್ತರ ಕಾಲ ಕೆಳಗಿದೆ. ಅಡಿಯಲ್ಲಿ ಶಹಾಬಾದಿನ ಪರಸಿ ಕಲ್ಲು, ವಾಡಿಯಲ್ಲಿ ಸಿಮೆಂಟಾಗುವ ಸುಣ್ಣಕಲ್ಲು. ಅದರ ಮೇಲೆ ಎರೆಮಣ್ಣು. ಮಳೆ ನಿಂತು ತಿಂಗಳುಗಳಾದರೂ ಎರೆ ತನ್ನೊಳಗಿನ ತೇವ ಬಿಡುವುದಿಲ್ಲ. ಆ ತೇವ, ಮೇಲಿನ ಇಬ್ಬನಿ, ಇಷ್ಟನ್ನೇ ನಂಬಿ ಹಿಂಗಾರಿ ಜೋಳ, ಕಡಲೆ ಬೆಳೆಯುತ್ತವೆ. ಮುಂಗಾರಿಗೆ ಬಿತ್ತಿದ ತೊಗರಿಯೂ ಅದೇ ಹೊತ್ತಿಗೆ ಕಾಯಿ ಕಟ್ಟಿರುತ್ತದೆ. ಹೊಲ ಬಸುರಿ ಎನ್ನುತ್ತಾರೆ ಇಲ್ಲಿಯ ರೈತರು. ಬೆಳೆಯ ನಡುವೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ತಂದ ಅಡುಗೆಯನ್ನೇ ಹೊಲದ ಸುತ್ತ ಚರಗವಾಗಿ ಚೆಲ್ಲುತ್ತಾರೆ. ಬಸುರಿಗೆ ಮೊದಲ ತುತ್ತು, ನಮಗೆ ಆಮೇಲೆ.

ಈಗ ಒಲೆಯ ಹತ್ತಿರ ಬನ್ನಿ, ನಿಜವಾದ ಬೆರಗು ಇರುವುದು ಅಲ್ಲಿ. ಹಿಂದಿನ ದಿನವೇ ಕೇರಿಯ ಹೆಣ್ಣುಮಕ್ಕಳು ಕೂತು ಕಾಯಿ ಸುಲಿದಿರುತ್ತಾರೆ. ಕಾಳುಗಳು ಮೊದಲು ಬೇಯಬೇಕು. ಹೊಸ ಸೊಸೆ ಅವಸರಪಟ್ಟು ಹುಣಸೆಹುಳಿಗೆ ಕೈ ಹಾಕಿದರೆ ಅತ್ತೆಯ ಮಾತು ತಯಾರು: "ಹುಳಿ ಈಗಲೇ ಹಾಕಬ್ಯಾಡವ್ವ, ಕಾಳು ಬೇಯಂಗಿಲ್ಲ!" ನೂರಕ್ಕೆ ನೂರು ಸರಿ. ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟು ಹುಳಿಯಲ್ಲಿ ಸುಲಭವಾಗಿ ಕರಗದು. ಹುಳಿ ಮೊದಲು ಬಿದ್ದರೆ ಕಾಳು ಎಷ್ಟು ಬೆಂದರೂ ಗಟ್ಟಿ. ರಸಾಯನಶಾಸ್ತ್ರದ ಪಾಠ ಅತ್ತೆಗೆ ಯಾರು ಹೇಳಿಕೊಟ್ಟರೋ!

ಕಾಳು ಬೆಂದ ಮೇಲೆ ಎಣ್ಣೆಗೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಖಾರ. ಸೊಪ್ಪೆಲ್ಲ ಬಾಡಿದ ಮೇಲೆ ಕಾಳು, ಹುಣಸೆರಸ. ಕೊನೆಗೆ ನೀರಿನಲ್ಲೋ ಹುಳಿಮಜ್ಜಿಗೆಯಲ್ಲೋ ಕಲಸಿದ ಕಡಲೆಹಿಟ್ಟು ಸಣ್ಣ ಧಾರೆಯಾಗಿ ಇಳಿಯುತ್ತದೆ. ಒಬ್ಬರು ಸುರಿಯಬೇಕು, ಇನ್ನೊಬ್ಬರು ತಿರುವುತ್ತಲೇ ಇರಬೇಕು. ಕೈ ನಿಂತರೆ ಗಂಟು. ಆಮೇಲೆ ಉರಿ ಎಳೆದು, ತೊಗರಿ ಕಟ್ಟಿಗೆಯ ಕೆಂಡದ ಮೇಲೆ ಬಿಟ್ಟರೆ ಆಯಿತು. ಗುಳುಗುಳು ಎಂದು ಗುಳ್ಳೆ ಏಳುತ್ತ, ಒಡೆಯುತ್ತ, ಹಸಿರು ನಿಧಾನಕ್ಕೆ ಕಂದಾಗುತ್ತ, ಭಜ್ಜಿ ತನ್ನಷ್ಟಕ್ಕೆ ತಾನೇ ಕೂಡಿಬರುತ್ತದೆ.

ಮಜ್ಜಿಗೆ ಕುದಿಸಿದರೆ ಒಡೆಯುತ್ತದೆ. ಭಜ್ಜಿಯಲ್ಲಿ ಏಕೆ ಒಡೆಯುವುದಿಲ್ಲ? ಕಡಲೆಹಿಟ್ಟಿನ ಪಿಷ್ಟ ಬಿಸಿಗೆ ಉಬ್ಬಿ, ಮಜ್ಜಿಗೆಯ ಪ್ರೋಟೀನು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ನಡುವೆ ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಫಾಂಡ್ಯೂ ಹೆಸರು ಕೇಳಿರಬಹುದು, ಕರಗಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವುದು. 1930ರ ದಶಕದಲ್ಲಿ ಅಲ್ಲಿಯ ಚೀಸ್ ಒಕ್ಕೂಟ ಅದಕ್ಕೆ ಭಾರಿ ಪ್ರಚಾರ ಕೊಟ್ಟು ರಾಷ್ಟ್ರದ ಖಾದ್ಯವನ್ನಾಗಿ ಮಾಡಿತು. ಅದರಲ್ಲೂ ಚೀಸ್ ಒಡೆಯದಿರಲಿ ಎಂದು ಪಿಷ್ಟ ಬೆರೆಸುತ್ತಾರೆ, ಬಿಳಿ ವೈನ್ ಹಾಕುತ್ತಾರೆ. ವೈನಿನ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಯ ಮುಖ್ಯ ಹುಳಿ ಯಾವುದು? ಅದೇ ಟಾರ್ಟಾರಿಕ್ ಆಮ್ಲ! ಆಲ್ಪ್ಸ್ ಪರ್ವತದ ಅಡುಗೆಮನೆ ಮತ್ತು ನಮ್ಮ ಕಾಗಿಣಾ ನದಿ ದಂಡೆಯ ಒಲೆ ಒಂದನ್ನೊಂದು ಕೇಳದೆ ಒಂದೇ ಉಪಾಯ ಹಿಡಿದಿವೆ: ಹುಳಿಗೆ ಪಿಷ್ಟ, ಪಿಷ್ಟಕ್ಕೆ ಹುಳಿ.

ಇನ್ನೂ ಇದೆ. ಸ್ಲೋ ಕುಕರ್ ಹುಟ್ಟಿದ್ದು ಚೀಸಿಗಲ್ಲ, ಕಾಳಿಗೆ! ಷಿಕಾಗೋದ ಇರ್ವಿಂಗ್ ನಾಕ್ಸನ್ 1936ರಲ್ಲಿ ಪೇಟೆಂಟ್ ಅರ್ಜಿ ಹಾಕಿದ, 1940ರಲ್ಲಿ ಅದು ಸಿಕ್ಕಿತು. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ಸಬ್ಬತ್ ದಿನ ಒಲೆ ಹೊತ್ತಿಸುವಂತಿರಲಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ಚೋಲೆಂಟ್ ಎಂಬ ಕಾಳಿನ ಅಡುಗೆಯನ್ನು ಬೇಕರಿಯ ಒಲೆಯಲ್ಲಿಟ್ಟು, ರಾತ್ರಿಯಿಡೀ ಆರುವ ಕಾವಿನಲ್ಲಿ ಬೇಯಿಸುತ್ತಿದ್ದರು. ತಾಯಿಯಿಂದ ಕೇಳಿದ ಆ ಕತೆಯೇ ನಾಕ್ಸನ್‌ನ ಯಂತ್ರವಾಯಿತು. ಅದಕ್ಕೆ ಅವನಿಟ್ಟ ಹೆಸರು 'ನಾಕ್ಸನ್ ಬೀನರಿ'. ರೈವಲ್ ಕಂಪನಿ ಅದನ್ನು ಕೊಂಡು 1971ರಲ್ಲಿ ಕ್ರಾಕ್‌ಪಾಟ್ ಎಂದು ಮಾರುಕಟ್ಟೆಗೆ ಬಿಟ್ಟಿತು. ಚೀಸ್ ಡಿಪ್ಪಿನ ಗದ್ದಲವೆಲ್ಲ ಅದಾದ ಮೇಲಿನದು. ಹಬ್ಬದ ಹಿಂದಿನ ದಿನ ತಯಾರಿ, ಆರುವ ಕೆಂಡ, ನಿಧಾನವಾಗಿ ಬೇಯುವ ಕಾಳು. ಚಿಂಚೋಳಿಯ ಅಜ್ಜಿ ಆ ಯಂತ್ರವನ್ನು ನೋಡಿದರೆ ಕೇಳುವ ಪ್ರಶ್ನೆ ಒಂದೇ, ಇಷ್ಟು ಸಣ್ಣದರಲ್ಲಿ ಎಷ್ಟು ಮಂದಿಗೆ ಆದೀತು?

ಏಕೆಂದರೆ ಇಲ್ಲಿ ಮಂದಿಗೆ ಲೆಕ್ಕವಿಲ್ಲ. ಹೊಲ ಇದ್ದವರು ಹೊಲ ಇಲ್ಲದವರನ್ನು ಕರೆಯುತ್ತಾರೆ. ಕಾರ್ಖಾನೆಯ ಕಾರ್ಮಿಕರು, ಮಾಸ್ತರರು, ರೈಲ್ವೆಯವರು, ಎಲ್ಲರೂ ಅವತ್ತು ಯಾರದೋ ಹೊಲದಲ್ಲಿ. ಮಳಖೇಡದ ಕೋಟೆ ಕಾಣುವ ಬಯಲಲ್ಲಿ, ಅಂದರೆ ರಾಷ್ಟ್ರಕೂಟರ ರಾಜಧಾನಿಯ ಅಂಗಳದಲ್ಲೇ, ಚಾಪೆ ಹಾಸಿ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ತಣ್ಣನೆಯ ಅಂಬಲಿ! ಎಲ್ಲದರ ನಡುವೆ ಭಜ್ಜಿ. ಜೋಳ, ಸಜ್ಜೆ, ಹುಣಸೆ ಆಫ್ರಿಕದಿಂದ ಬಂದವು. ಮೆಣಸಿನಕಾಯಿ, ಶೇಂಗಾ, ಪೇರಲ ಅಮೆರಿಕ ಖಂಡದಿಂದ. ತೊಗರಿ, ಎಳ್ಳು ಈ ನೆಲದವೇ. ಮೂರು ಖಂಡಗಳು ಒಂದು ತಟ್ಟೆಯಲ್ಲಿ ಕೂತಿರುವುದು ಉಣ್ಣುವವರಿಗೆ ನೆನಪಾಗುವುದೂ ಇಲ್ಲ. ಗಡಿಯಾಚೆಯ ಲಾತೂರು, ಧಾರಾಶಿವದ ಮರಾಠಿ ರೈತರೂ ಅವತ್ತೇ ಇದೇ ಭಜ್ಜಿ ಮಾಡುತ್ತಾರೆ.

ಊರು ಬಿಟ್ಟು ದೂರ ಇರುವವರಿಗೆ ಒಂದು ಮಾತು. ಸ್ಲೋ ಕುಕರ್ ಇದ್ದರೆ ಭಜ್ಜಿ ಖಂಡಿತ ಆಗುತ್ತದೆ. ಆದರೆ ಕಾಳು ಬೇಯಿಸುವುದು, ಕಡಲೆಹಿಟ್ಟು ಕುದಿಸುವುದು ಗ್ಯಾಸಿನ ಮೇಲೇ ಮುಗಿಯಲಿ. ಸಣ್ಣ ಕಾವಿಗೆ ಹಿಟ್ಟಿನ ಹಸಿವಾಸನೆ ಹೋಗುವುದಿಲ್ಲ. ಆಮೇಲೆ ಕುಕರಿಗೆ ಸುರಿದು ಎರಡು ಮೂರು ತಾಸು ಬಿಡಿ, ಮಂದವಾದರೆ ಬಿಸಿನೀರು ಸೇರಿಸಿ. ವಿದೇಶದ ಗುಜರಾತಿ ಅಂಗಡಿಗಳಲ್ಲಿ 'ತುವರ್ ಲಿಲ್ವಾ' ಎಂಬ ಹೆಸರಿನ ಪೊಟ್ಟಣ ಹುಡುಕಿ, ಹಸಿ ತೊಗರಿಕಾಳೇ ಅದು. ಚೀಸ್ ಹಾಕಿದರೆ ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಹಾಕಬೇಡಿ, ಎಳ್ಳು ಶೇಂಗಾದ ಜಿಡ್ಡೇ ಸಾಕು.

ಸಾಧ್ಯವಾದರೆ ಇಲ್ಲಿಗೇ ಬಂದು ಉಣ್ಣಿ. 2027ರಲ್ಲಿ ಎಳ್ಳ ಅಮವಾಸ್ಯೆ ಜನವರಿ 7, ಗುರುವಾರ. ರಜೆ ಚೀಟಿ ಮೊದಲೇ ಬರೆದುಕೊಡಿ. ಮುಂಬೈಯಿಂದಾಗಲಿ, ಚೆನ್ನೈಯಿಂದಾಗಲಿ, ಸಿಕಂದರಾಬಾದಿನಿಂದಾಗಲಿ ವಾಡಿ ಜಂಕ್ಷನ್ನಿಗೆ ರೈಲಿದೆ.