ಖಳನ ಎದುರು ನಿಂತ ಪುಟ್ಟ!

ಹಿರಣ್ಯಕಶಿಪುವಿನ ಗರ್ಜನೆ, ಜೋಕರನ ಹಾಡು... ಎರಡರಲ್ಲೂ ಬಾಜಿ ಹೊಡೆದವರು ಯಾರು?

ಸಿನಿಮಾ ಬಿಟ್ಟ ಮೇಲೆ ಚಹಾದಂಗಡಿ ಮುಂದೆ ನಿಂತು ನಾವು ಆಡುವ ಮೊದಲನೇ ಮಾತು ಯಾವುದು ಹೇಳ್ರಿ? "ಹೀರೋ ಹೆಂಗ ಮಾಡ್ಯಾನ?" ಎರಡನೇ ಮಾತು? "ವಿಲನ್ ಖಡಕ್ ಅದಾನಲೇ!" ಮೂರನೇ ಮಾತು ಬಾಯಿಗೆ ಬರುವಷ್ಟರಲ್ಲಿ ಬಸ್ಸು ಬಂದಿರುತ್ತದೆ. ಕುಬಿಹಾಳದಂಥ ಊರಿನಿಂದ ಹುಬ್ಬಳ್ಳಿಗೆ ಹೋಗಿ ಸಿನಿಮಾ ನೋಡುವ ಹುಡುಗರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಬಸ್ಸಿನ ಗದ್ದಲದಲ್ಲಿ ಆಡದೇ ಉಳಿದ ಆ ಮೂರನೇ ಮಾತೇ ಈ ಲೇಖನದ ವಿಷಯ. ವಿಲನ್ ಎದುರಿಗೆ ನಿಂತವರು ಯಾರು? ಅವರು ಹೆಂಗ ಮಾಡ್ಯಾರ?

ಇದಕ್ಕಾಗಿ ಎರಡು ಚಿತ್ರ ತೆಗೆದುಕೊಳ್ಳೋಣ. ಒಂದು, 1983ರಲ್ಲಿ ತೆರೆ ಕಂಡ ನಮ್ಮ ‘ಭಕ್ತ ಪ್ರಹ್ಲಾದ’. ಇನ್ನೊಂದು, 2024ರ ಅಕ್ಟೋಬರಿನಲ್ಲಿ ಬಂದ ಹಾಲಿವುಡ್ಡಿನ ‘ಜೋಕರ್: ಫೋಲಿ ಆ ದ್ಯೂ’. "ಎಲ್ಲಿಯ ಹಿರಣ್ಯಕಶಿಪು, ಎಲ್ಲಿಯ ಜೋಕರ್! ಇವಗೇನು ತಲಿ ಕೆಟ್ಟದ?" ಅಂತ ಪುಟ ತಿರುವಬೇಡಿ, ಸ್ವಲ್ಪ ತಡೀರಿ. ಜೋಕರ್ ಹುಟ್ಟಿದ್ದು 1940ರಲ್ಲಿ, ಬ್ಯಾಟ್‌ಮನ್ ಕಾಮಿಕ್ಸಿನ ಮೊದಲ ಸಂಚಿಕೆಯಲ್ಲಿ. ಹಿರಣ್ಯಕಶಿಪು ಪುರಾಣದವನು, ಖರೇ. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಹುಡುಗರು ಅವನ ಮುಖ ಮೊದಲು ಕಂಡಿದ್ದು ಅಮರ ಚಿತ್ರ ಕಥೆಯ ಬಣ್ಣದ ಹಾಳೆಗಳಲ್ಲಿ. 1967ರಲ್ಲಿ ಆ ಮಾಲಿಕೆ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರೇ! ಹಾಗಾಗಿ ಇಬ್ಬರೂ ಚಿತ್ರಕಥೆ ಪುಸ್ತಕದ ಖಳರು. ಎರಡೂ ಹಾಡಿನ ಚಿತ್ರಗಳು. ಎರಡರಲ್ಲೂ ಕಣ್ಣು ಕೀಲಿಸುವವನು ಖಳನೇ.

ಹಾಡುವ ರಕ್ಕಸ ನಮಗೆ ಹೊಸಬನಲ್ಲ

‘ಜೋಕರ್’ ಎರಡನೇ ಭಾಗ ಬಂದಾಗ ಜಗತ್ತಿನಾದ್ಯಂತ ಎದ್ದ ದೊಡ್ಡ ತಕರಾರು ಒಂದೇ. "ವಿಲನ್ ಯಾಕೆ ಹಾಡ್ತಾನೆ?" 2019ರಲ್ಲಿ ಬಂದ ಮೊದಲ ಭಾಗ ನೂರು ಕೋಟಿ ಡಾಲರ್ ದಾಟಿ ಗಳಿಸಿತ್ತು. ಎರಡನೆಯದು ಸುಮಾರು ಇಪ್ಪತ್ತು ಕೋಟಿ ಡಾಲರಿಗೇ ಸುಸ್ತಾಯಿತು. ಮೊದಲ ಭಾಗಕ್ಕೆ ಶಿಳ್ಳೆ ಹೊಡೆದವರೇ ಎರಡನೆಯದಕ್ಕೆ ಮುಖ ಸಿಂಡರಿಸಿದರು.

ನಮ್ಮ ಸೀಮೆಯ ಮುದುಕರನ್ನು ಕೇಳಿ, ಬಿದ್ದು ಬಿದ್ದು ನಕ್ಕಾರು. ದೊಡ್ಡಾಟದಲ್ಲಿ ರಕ್ಕಸ ಹಾಡದೇ ಇದ್ದರೆ ಅವನೆಂಥ ರಕ್ಕಸ? ಸಾರಥಿ "ಯಾರಪ್ಪಾ ನೀನು?" ಅಂತ ಕೇಳಬೇಕು, ಅವನು ಹಲಗೆ ಮುರಿಯುವಂತೆ ಹೆಜ್ಜೆ ಹಾಕಿ, ಹಾಡಿ, ತನ್ನ ಬಿರುದು ಬಾವಲಿ ಹೇಳಬೇಕು. ಕುಬಿಹಾಳಕ್ಕೆ ತಾಲ್ಲೂಕು ಊರಾದ ಕುಂದಗೋಳವನ್ನೇ ನೋಡಿ. ಸವಾಯಿ ಗಂಧರ್ವ ಎಂದು ಲೋಕ ಕೊಂಡಾಡಿದ ರಾಮಭಾವು ಕುಂದಗೋಳಕರ (1886–1952) ಬರೀ ಬೈಠಕ್ಕಿನ ಗವಾಯಿಯಲ್ಲ. ರಂಗದ ಮೇಲೆ ಸೀರೆ ಉಟ್ಟು, ಹೆಣ್ಣಿನ ಪಾತ್ರ ಕಟ್ಟಿ, ಹಾಡುತ್ತಾ ನಟಿಸಿದವರು. ಹಾಡು ಬೇರೆ, ನಟನೆ ಬೇರೆ ಎಂಬ ಗೋಡೆಯೇ ಈ ಮಣ್ಣಿನಲ್ಲಿ ಇರಲಿಲ್ಲ.

ಗೋಡೆ ಎದ್ದಿದ್ದು ಸಿನಿಮಾದಲ್ಲಿ. ಹಾಡು ಹೀರೋ ಪಾಲಾಯಿತು, ಖಳನಿಗೆ ಬರೀ ಗುಡುಗು ಉಳಿಯಿತು. ನಮ್ಮ ವಜ್ರಮುನಿಯವರನ್ನೇ ನೆನೆಯಿರಿ. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ಹೆಸರು ಮಾಡಿ ಬೆಳ್ಳಿತೆರೆಗೆ ಬಂದ ಕಲಾವಿದ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್ ಎಮ್ಮೆ ಮೇಲೆ ಕೂತು ಸ್ವಂತ ಕಂಠದಲ್ಲಿ ಹಾಡಿ ನಾಡನ್ನೇ ಕುಣಿಸಿದರು. ಅದೇ ಚಿತ್ರದ ಖಳ ವಜ್ರಮುನಿಗೆ ಉಳಿದಿದ್ದು ಕಣ್ಣು ಮತ್ತು ಧ್ವನಿ ಎರಡೇ. ಆ ಎರಡರಿಂದಲೇ ಅವರು ಥೇಟರಿನ ಕುರ್ಚಿ ನಡುಗಿಸಿದರು ಅನ್ನೋದು ಬೇರೆ ಮಾತು!

ಅಪ್ಪನ ಪಾತ್ರ, ಮಗನ ಗರ್ಜನೆ, ಮೊಮ್ಮಗನ ಕೈಮುಗಿತ

ಈಗ ‘ಭಕ್ತ ಪ್ರಹ್ಲಾದ’ಕ್ಕೆ ಬರೋಣ. ವಿಜಯ್ ನಿರ್ದೇಶನ, ಟಿ.ಜಿ. ಲಿಂಗಪ್ಪನವರ ಸಂಗೀತ. ಹಿರಣ್ಯಕಶಿಪುವಾಗಿ ವರನಟ ಡಾ. ರಾಜ್‌ಕುಮಾರ್. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಅದೇ 1983ರಲ್ಲಿ ಇವರೇ ‘ಕವಿರತ್ನ ಕಾಳಿದಾಸ’ದಲ್ಲಿ ಏನೂ ಅರಿಯದ ಮುಗ್ಧ ಕುರುಬನಾಗಿ ನಗಿಸಿದ್ದರು. ಒಂದೇ ವರ್ಷ, ಒಂದೇ ಮುಖ. ಅಲ್ಲಿ ಹಾಲಿನಂಥ ಮುಗ್ಧತೆ, ಇಲ್ಲಿ ಕೆಂಡದಂಥ ಕಣ್ಣು. ನಟನೆ ಕಲೀಬೇಕು ಅನ್ನುವ ಹುಡುಗರು ಈ ಎರಡೂ ಚಿತ್ರಗಳನ್ನು ಒಂದೇ ದಿನ ನೋಡಬೇಕು. ಮೂರು ವರ್ಷದ ಕೋರ್ಸು ಒಂದೇ ದಿನಕ್ಕೆ ಮುಗಿದ ಹಾಗೆ!

ಈ ಪಾತ್ರ ರಾಜ್ ಅವರಿಗೆ ಎಲ್ಲಿಂದ ಬಂತು? ಮನೆಯಿಂದಲೇ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ರೌದ್ರ ಪಾತ್ರಗಳಿಗೆ ಹೆಸರಾದವರು. ರಂಗದ ಮೇಲಿನ ಆ ಅಬ್ಬರ ನೋಡುತ್ತಲೇ ಬೆಳೆದ ಹುಡುಗ ಮುಂದೆ ‘ಭೂಕೈಲಾಸ’ದಲ್ಲಿ (1958) ರಾವಣನಾದ, ‘ಮಹಿಷಾಸುರ ಮರ್ದಿನಿ’ಯಲ್ಲಿ (1959) ಮಹಿಷಾಸುರನಾದ, ಕೊನೆಗೆ ಹಿರಣ್ಯಕಶಿಪುವಾಗಿ ಕಿರೀಟ ತೊಟ್ಟ. ಎದುರಿಗೆ ಪ್ರಹ್ಲಾದನಾಗಿ ಕೈಮುಗಿದು ನಿಂತವನು ಯಾರು? ಅವರದೇ ಮಗ, ಎಂಟು ವರ್ಷದ ಮಾಸ್ಟರ್ ಲೋಹಿತ್. ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರ್! ಮೂರು ತಲೆಮಾರಿನ ಕಲೆ ಒಂದೇ ಚೌಕಟ್ಟಿನಲ್ಲಿ.

ಈಗ ದೃಶ್ಯ ಗಮನಿಸಿ. ಅಪ್ಪ ಗುಡುಗುತ್ತಾನೆ. ಮಾತಿನ ಒಂದೊಂದು ತುಂಡೂ ತಾಳ ಹಾಕಿದಂತೆ ಬೀಳುತ್ತದೆ. ಅದು ಕಂಪನಿ ನಾಟಕದ ಗದ್ಯ, ಆದರೂ ಕಿವಿಗೆ ಹಾಡಿನಂತೆಯೇ. ಎದುರಿಗಿರುವ ಪುಟ್ಟ ಗುಡುಗುವುದಿಲ್ಲ, ಅಳುವುದೂ ಇಲ್ಲ. ಸುಮ್ಮನೆ ನೋಡುತ್ತಾನೆ. ಆ ಸುಮ್ಮನೆ ನೋಟವೇ ದೈತ್ಯನನ್ನು ಕೆರಳಿಸುತ್ತದೆ. ಮಗು ಹೆದರಿ ಅತ್ತುಬಿಟ್ಟಿದ್ದರೆ ಹಿರಣ್ಯಕಶಿಪು ಒಬ್ಬ ಸಿಡುಕು ಅಪ್ಪ ಆಗಿ ಉಳಿಯುತ್ತಿದ್ದ, ಅಷ್ಟೇ. ಹೆದರದ ಮಗು ಇದ್ದುದರಿಂದಲೇ ಅವನು ಹಿರಣ್ಯಕಶಿಪು ಆದ. ರಾಜ್ ಅವರ ಅಬ್ಬರಕ್ಕೆ ತೂಕ ಕೊಟ್ಟಿದ್ದು ಅಪ್ಪುವಿನ ಶಾಂತಿ. ಎರಡು ವರ್ಷದ ನಂತರ ‘ಬೆಟ್ಟದ ಹೂವು’ ಚಿತ್ರಕ್ಕೆ ಇದೇ ಹುಡುಗ ರಾಷ್ಟ್ರಪ್ರಶಸ್ತಿ ಗೆದ್ದಾಗ ಇದನ್ನು ನೋಡಿದವರಿಗೆ ಆಶ್ಚರ್ಯವೇನೂ ಆಗಿರಲಿಕ್ಕಿಲ್ಲ.

ಒಡೆದ ಕೊರಳಿನ ಜೋಕರ್

ಜೋಕರನ ಪಾತ್ರಧಾರಿ ವಾಕೀನ್ ಫೀನಿಕ್ಸ್. ಮೊದಲ ಭಾಗದ ಅಭಿನಯಕ್ಕೆ 2020ರಲ್ಲಿ ಆಸ್ಕರ್ ಹೊಡೆದ ಭೂಪ. ಎರಡನೇ ಭಾಗದ ಕಥೆ ಇಷ್ಟು. ಕೊಲೆ ಮಾಡಿ ಸಿಕ್ಕಿಬಿದ್ದ ಆರ್ಥರ್ ಫ್ಲೆಕ್ ಎಂಬ ಬಡಪಾಯಿ ಆರ್ಖಮ್ ಎಂಬ ಹುಚ್ಚಾಸ್ಪತ್ರೆಯ ಜೈಲಿನಲ್ಲಿ ಕೂತಿದ್ದಾನೆ. ಹೊರಗೆ ಸಾವಿರಾರು ಮಂದಿ ‘ಜೋಕರ್ ಜಿಂದಾಬಾದ್’ ಎನ್ನುವವರು. ಕೋರ್ಟಿನಲ್ಲಿ ವಾದ ಏನು? ಕೊಲೆ ಮಾಡಿದ್ದು ಆರ್ಥರನೋ, ಅವನ ಒಳಗೆ ಹೊಕ್ಕ ಜೋಕರನೋ?

ಫೀನಿಕ್ಸ್‌ಗೆ ಹಾಡಲಿಕ್ಕೆ ಬರುತ್ತದೆ. 2005ರ ‘ವಾಕ್ ದ ಲೈನ್’ ಚಿತ್ರದಲ್ಲಿ ಗಾಯಕ ಜಾನಿ ಕ್ಯಾಶ್ ಆಗಿ ತಾನೇ ಹಾಡಿದವನು. ಇಲ್ಲಿ ಮಾತ್ರ ಬೇಕೆಂದೇ ಕೊರಳು ಒಡೆದುಕೊಂಡು ಹಾಡುತ್ತಾನೆ. ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ತುಟಿ ಆಡಿಸಿದ್ದಲ್ಲ. ಕ್ಯಾಮೆರಾ ಮುಂದೆಯೇ ನಿಂತು ಹಾಡಿದ್ದು, ಥೇಟ್ ನಮ್ಮ ನಾಟಕದ ಹಾಗೆ. ಉಸಿರು ಸಾಲುವುದಿಲ್ಲ, ಧ್ವನಿ ನಡುಗುತ್ತದೆ, ಭುಜದ ಎಲುಬು ಚರ್ಮ ಹರಿದು ಹೊರಗೆ ಬಂದಾವೇನೋ ಅನ್ನಿಸುತ್ತದೆ. ಒಂದೇ ಒಂದು ದಿನವೂ ಯಾರೂ ಪ್ರೀತಿಯಿಂದ ಮಾತಾಡಿಸದ ಮನುಷ್ಯ ಹಾಡಿದರೆ ಹೀಗೇ ಹಾಡಬೇಕು. ಸುಶ್ರಾವ್ಯವಾಗಿ ಹಾಡಿದ್ದರೆ ಸುಳ್ಳಾಗುತ್ತಿತ್ತು. 2008ರ ‘ಡಾರ್ಕ್ ನೈಟ್’ನ ಹೀತ್ ಲೆಡ್ಜರ್‌ನನ್ನು ಕಂಡು ನಾವು ಹೆದರಿದೆವು. ಫೀನಿಕ್ಸನನ್ನು ಕಂಡರೆ ಹೆದರಿಕೆಯ ಜೊತೆ ಕರುಳು ಚುರುಕ್ ಅನ್ನುತ್ತದೆ.

ಕಯಾದು ಮತ್ತು ಲೀ

ಇನ್ನು ಹೆಣ್ಣಿನ ಪಾತ್ರಗಳು. ‘ಭಕ್ತ ಪ್ರಹ್ಲಾದ’ದಲ್ಲಿ ಸರಿತಾ ಕಯಾದು. ಗಂಡ ಒಂದು ಕಡೆ, ಹೊಟ್ಟೆಯಲ್ಲಿ ಹುಟ್ಟಿದ ಮಗ ಇನ್ನೊಂದು ಕಡೆ. ಸರಿತಾ ಅವರ ಆ ದೊಡ್ಡ ಕಣ್ಣುಗಳೇ ಸಾಕು, ಉದ್ದ ಮಾತು ಬೇಡ. ಕಿರೀಟದ ಕೆಳಗೆ ಇನ್ನೂ ಒಬ್ಬ ಮನುಷ್ಯ ಉಳಿದಿದ್ದಾನೆ, ಒಬ್ಬ ಅಪ್ಪ ಉಳಿದಿದ್ದಾನೆ ಅಂತ ಆಕೆ ಹುಡುಕುತ್ತಲೇ ಇರುತ್ತಾಳೆ.

ಜೋಕರನ ಜೋಡಿಯಾಗಿ ಬಂದವಳು ಲೀ, ಅರ್ಥಾತ್ ಹಾರ್ಲಿ ಕ್ವಿನ್. ಪಾತ್ರಧಾರಿ ಪ್ರಖ್ಯಾತ ಗಾಯಕಿ ಲೇಡಿ ಗಾಗಾ. ಆಕೆಯ ಕಂಠದ ತಾಕತ್ತು ಜಗತ್ತಿಗೇ ಗೊತ್ತು. ಆದರೂ ಆಕೆ ಇಲ್ಲಿ ಕಂಠವನ್ನು ಅರ್ಧ ಮುಚ್ಚಿಟ್ಟು, ಸಾಮಾನ್ಯ ಹುಡುಗಿ ಗುನುಗಿದ ಹಾಗೆ ಹಾಡಿದ್ದಾಳೆ. ಇದು ಸಣ್ಣ ತ್ಯಾಗ ಅಲ್ಲ ಮಾರಾಯರೇ! ಲೀ ಸುಳ್ಳು ಹೇಳಿ ಆರ್ಥರನ ಹತ್ತಿರ ಬರುತ್ತಾಳೆ. ಬಡವಿ ಅನ್ನುತ್ತಾಳೆ, ಸಿರಿವಂತರ ಮಗಳು. ಹಿಡಿದು ತಂದು ಹಾಕಿದ್ದಾರೆ ಅನ್ನುತ್ತಾಳೆ, ತಾನಾಗಿಯೇ ಸೇರಿಕೊಂಡವಳು. ಆಕೆಗೆ ಬೇಕಾಗಿರುವುದು ಆರ್ಥರ್ ಅಲ್ಲ, ಅವನ ಮುಖದ ಬಣ್ಣ. ಕಯಾದು ರಕ್ಕಸನಲ್ಲಿ ಮನುಷ್ಯನನ್ನು ಹುಡುಕಿದಳು. ಲೀ ಮನುಷ್ಯನನ್ನು ರಕ್ಕಸ ಮಾಡಲು ಬಂದಳು. ಯಾರ ಪ್ರೀತಿ ಖರೇ, ನೀವೇ ಹೇಳಿ.

ಜೈಲು ಕಾವಲುಗಾರನಾಗಿ ಬ್ರೆಂಡನ್ ಗ್ಲೀಸನ್ ಕೂಡ ಭಲೇ! ದಿನಾ ಒಂದು ಜೋಕ್ ಹೇಳು ಅನ್ನುವ ನಗುಮುಖದವನು, ಬರಬರುತ್ತಾ ಅದೇ ಮುಖದಲ್ಲಿ ಯಮನಾಗುತ್ತಾನೆ. ಅರಚುವುದಿಲ್ಲ, ಕಣ್ಣು ಕೆಂಪು ಮಾಡುವುದಿಲ್ಲ. ಬಣ್ಣ ಹಚ್ಚಿಕೊಂಡವನಿಗಿಂತ ಬಣ್ಣ ಹಚ್ಚದ ಈ ಖಳನೇ ಹೆಚ್ಚು ಭಯಂಕರ.

ಗ್ಯಾರಿ ಬಂದು ಕೂತ ಆ ಗಳಿಗೆ

ಚಿತ್ರದ ಪ್ರಾಣ ಇರುವುದು ಕೋರ್ಟಿನ ಒಂದು ದೃಶ್ಯದಲ್ಲಿ. ಸಾಕ್ಷಿಕಟ್ಟೆಗೆ ಬರುವವನು ಗ್ಯಾರಿ ಪಡಲ್ಸ್. ನಟ ಲೀ ಗಿಲ್. ಗ್ಯಾರಿ ಮಗುವಲ್ಲ, ಬೆಳೆದ ಗಂಡಸು. ದೇಹದ ಎತ್ತರ ಮಾತ್ರ ಕಡಿಮೆ, ಅಷ್ಟಕ್ಕೇ ಮಂದಿ ಅವನನ್ನು ನಗೆಯ ವಸ್ತು ಮಾಡಿಕೊಂಡಿದ್ದರು. ಮೊದಲ ಭಾಗ ನೋಡಿದವರಿಗೆ ನೆನಪಿರಬೇಕು. ಅವನ ಕಣ್ಣೆದುರೇ ಆರ್ಥರ್ ಒಬ್ಬನನ್ನು ಕೊಂದಿದ್ದ. ಓಡಿಹೋಗಲು ಬಾಗಿಲ ಚಿಲಕ ಎಟುಕದೇ ಗ್ಯಾರಿ ಒದ್ದಾಡಿದಾಗ ಆರ್ಥರನೇ ಬಾಗಿಲು ತೆಗೆದು ಕಳಿಸಿದ್ದ.

ಈಗ ಆರ್ಥರ್ ಮುಖಕ್ಕೆ ಬಣ್ಣ ಬಳಿದುಕೊಂಡು, ತಾನೇ ವಕೀಲನಾಗಿ, ಯಾರದೋ ರಾಗದಲ್ಲಿ ಗತ್ತಿನಿಂದ ಪ್ರಶ್ನೆ ಕೇಳುತ್ತಿದ್ದಾನೆ. ಮಂದಿ ನಗುತ್ತಿದ್ದಾರೆ. ಗ್ಯಾರಿ ನಡುಗುತ್ತಾ ಹೇಳುವುದು ಇಷ್ಟೇ. ನನ್ನನ್ನು ನೋಡಿ ನಗದೇ ಇದ್ದವನು ನೀನೊಬ್ಬನೇ ಆಗಿದ್ದೆ. ಈಗ ನಿನ್ನನ್ನು ಕಂಡರೇ ನನಗೆ ಹೆದರಿಕೆ. ಆ ಮಾತು ಮುಗಿಯುವಾಗ ಫೀನಿಕ್ಸನ ಮುಖ ನೋಡಬೇಕು! ಬಣ್ಣ ಹಾಗೇ ಇದೆ, ಕೆಳಗಿನ ಜೋಕರ್ ಮಾತ್ರ ಕರಗಿ ಹೋಗುತ್ತಿದ್ದಾನೆ. ಇಂಗ್ಲಿಷು ಪೂರಾ ತಿಳಿಯದಿದ್ದರೂ ಚಿಂತೆಯಿಲ್ಲ, ಆ ಎರಡು ಮುಖ ಸಾಕು.

ಪ್ರಹ್ಲಾದ ಹೆದರದೇ ನಿಂತು ಖಳನನ್ನು ಅಲುಗಾಡಿಸಿದ. ಗ್ಯಾರಿ ಹೆದರಿ ನಡುಗುತ್ತಲೇ ಅಲುಗಾಡಿಸಿದ. ಇಬ್ಬರ ಕೈಯಲ್ಲೂ ಗದೆ ಇಲ್ಲ, ಪಿಸ್ತೂಲು ಇಲ್ಲ. ಇಬ್ಬರೂ ಬಣ್ಣದ ಹಿಂದಿನ ಮನುಷ್ಯನನ್ನೇ ನೋಡಿ ಮಾತಾಡಿದರು. ಖಳನ ಅಭಿನಯ ನೂರು ತೂಕ ಅಂದರೆ ಅದರಲ್ಲಿ ಅರ್ಧ ಎದುರಿಗೆ ನಿಂತವನದು. ಹುಬ್ಬಳ್ಳಿಯ ಬಾಲ್ಕನಿಯಾಗಲಿ, ಕೈಯೊಳಗಿನ ಮೊಬೈಲಾಗಲಿ, ಮುಂದಿನ ಸಲ ಸಿನಿಮಾ ನೋಡುವಾಗ ಕಣ್ಣು ಸ್ವಲ್ಪ ಆ ಕಡೆಗೂ ಹೊರಳಿಸಿ.

ಬಣ್ಣ ಒರೆಸಿದ ಮೇಲೆ?

ಗ್ಯಾರಿಯ ಮಾತಿನ ನಂತರ, ಕಾವಲುಗಾರರ ಕೈಯಲ್ಲಿ ಏಟು ತಿಂದು, ತನ್ನನ್ನು ನಂಬಿದ ಹುಡುಗನೊಬ್ಬ ಸತ್ತಿದ್ದನ್ನು ಕೇಳಿ, ಆರ್ಥರ್ ಕೋರ್ಟಿನಲ್ಲಿ ಒಪ್ಪಿಕೊಳ್ಳುತ್ತಾನೆ. ಜೋಕರ್ ಅಂತ ಬೇರೆ ಯಾರೂ ಇಲ್ಲ, ಎಲ್ಲ ಮಾಡಿದವನು ನಾನೇ ಅನ್ನುತ್ತಾನೆ. ಇಡೀ ಚಿತ್ರದಲ್ಲಿ ಅವನು ಆಡುವ ದೊಡ್ಡ ಗಂಡಸಿನ ಮಾತು ಅದೊಂದೇ. ಆಗ ಏನಾಯಿತು? ಲೀ ಎದ್ದು ಹೊರಗೆ ನಡೆದಳು. ಅಭಿಮಾನಿಗಳೂ ನಡೆದರು. ಕೊನೆಗೆ ಒಬ್ಬ ತರುಣ ಕೈದಿಯ ಚಾಕುವಿಗೆ ಆರ್ಥರ್ ಬಲಿಯಾದ. ಥೇಟರಿನಲ್ಲಿ ಕೂತಿದ್ದವರೂ ಲೀ ಹಾಗೆಯೇ ಸಿಟ್ಟಿನಿಂದ ಎದ್ದು ಹೋದರಲ್ಲ, ಅದೇ ತಮಾಷೆ! ಚಿತ್ರ ತೋರಿಸಿದ್ದನ್ನೇ ಪ್ರೇಕ್ಷಕರು ಮಾಡಿ ತೋರಿಸಿದರು.

ಈ ಮಾತು ನಮಗೂ ತಾಗುತ್ತದೆ ಗೆಳೆಯರೇ. ಕಟೌಟಿಗೆ ಹಾಲು ಎರೆಯುವವರು ನಾವು, ಖಳನ ಡೈಲಾಗನ್ನು ರಿಂಗ್‌ಟೋನ್ ಮಾಡಿಕೊಳ್ಳುವವರೂ ನಾವೇ. ನಾವು ಪ್ರೀತಿಸುವುದು ಬಣ್ಣವನ್ನೋ, ಬಣ್ಣ ಹಚ್ಚಿದ ಮನುಷ್ಯನನ್ನೋ? ಹಿರಣ್ಯಕಶಿಪುವಿನ ಕಿರೀಟ ಇಳಿಸಿ, ಬಿಳಿ ಪಂಚೆ ಉಟ್ಟು ಬಂದ ರಾಜ್ ಅವರನ್ನು ನಾಡು ಇನ್ನೂ ಹೆಚ್ಚು ಪ್ರೀತಿಸಿತು. ಅವರೂ ಕೈಮುಗಿದು ‘ಅಭಿಮಾನಿ ದೇವರು’ ಅಂದರು. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಬೆಂಗಳೂರಿಗೆ ಹರಿದು ಬಂದ ಜನ ಅತ್ತಿದ್ದು ಯಾವ ಪಾತ್ರಕ್ಕೂ ಅಲ್ಲ. ಆ ಭಾಗ್ಯ ಪಾಪ, ಆರ್ಥರನಿಗೆ ಸಿಗಲಿಲ್ಲ.

ಖಳನಿಗೆ ಶಿಳ್ಳೆ ಹೊಡೀರಿ, ಬ್ಯಾಡ ಅನ್ನೋದಿಲ್ಲ. ಅವನು ಬಣ್ಣ ಒರೆಸಿಕೊಂಡು ‘ನಾನೂ ಮನುಷ್ಯ’ ಅಂದಾಗ ಎದ್ದು ಹೋಗಬೇಡಿ. ಇಷ್ಟೇ ನಮ್ಮ ವಿನಂತಿ. ಏನಂತೀರಿ?