ಕೆಂಪು ಗೆರೆ ಪ್ಲಸ್ ಅಲ್ಲ

ನಾನೇ ಸಾಲ್ಡರ್ ಮಾಡಿದ ಮೊದಲ ಸಿಂಥಸೈಜರ್ ಮಾಡ್ಯೂಲ್ ಬದುಕಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಸ್ವಿಚ್ ಹಾಕಿದೆ, ಟಪ್ ಎಂದಿತು, ಕೋಣೆಯಲ್ಲೆಲ್ಲ ಕೊಳೆತ ಮೀನಿನಂಥ ವಾಸನೆ. ಟಿಎಲ್072 ಐಸಿಯ ಮೇಲೆ ಬೆರಳಿಟ್ಟರೆ ಕಾದ ಹೆಂಚು. ಸರ್ಕ್ಯೂಟಿನಲ್ಲಿ ಒಂದು ತಪ್ಪೂ ಇರಲಿಲ್ಲ. ಹಿಂದಿನ ಪಟ್ಟಿ ಕೇಬಲ್ಲನ್ನು ತಿರುಗಿಸಿ ಚುಚ್ಚಿದ್ದೆ, ಅಷ್ಟೇ.

ಇದು ಯೂರೋರ‍್ಯಾಕ್ ಪದ್ಧತಿಯ ಮಾಡ್ಯೂಲ್. ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದ ಮಧ್ಯದಲ್ಲಿ ತಮ್ಮ ಎ-100 ಸಾಲಿನೊಂದಿಗೆ ಶುರುಮಾಡಿದ್ದು. ಪುಟ್ಟ ಪುಟ್ಟ ಮಾಡ್ಯೂಲ್‌ಗಳು ಒಂದೇ ಪೆಟ್ಟಿಗೆಯಲ್ಲಿ ಸಾಲಾಗಿ ಕೂರುತ್ತವೆ. ಬೆನ್ನಿಗೆ ಒಂದು ಬಸ್ ಬೋರ್ಡ್. ಅಲ್ಲಿಂದ ಪಟ್ಟಿ ಕೇಬಲ್ಲಿನ ಮೂಲಕ ಪ್ರತಿಯೊಂದಕ್ಕೂ +12 ವೋಲ್ಟ್, −12 ವೋಲ್ಟ್, ಗ್ರೌಂಡ್, ಕೆಲವಕ್ಕೆ +5 ವೋಲ್ಟ್. ಮನೆಯಲ್ಲೇ ಮಾಡ್ಯೂಲ್ ಕಟ್ಟುವವರ ಬಾಯಲ್ಲಿ ಈ ಕೇಬಲ್ಲಿನ ಬಗ್ಗೆ ಕೆಲವು ಮಾತು ಓಡಾಡುತ್ತಿರುತ್ತವೆ. ಹೆಚ್ಚಿನವು ಅರ್ಧ ಸತ್ಯ.

“ಕೆಂಪು ಅಂದ್ರೆ ಪ್ಲಸ್ ತಾನೆ?”

ಸ್ಕೂಟರ್ ಬ್ಯಾಟರಿಯಲ್ಲಿ ಹೌದು, ಮಲ್ಟಿಮೀಟರಿನ ಕಡ್ಡಿಯಲ್ಲೂ ಹೌದು. ಪಟ್ಟಿ ಕೇಬಲ್ಲಿನ ಕೆಂಪು ಗೆರೆ ಮಾತ್ರ “ಒಂದನೇ ತಂತಿ ಇದು” ಎಂದಷ್ಟೇ ಹೇಳುತ್ತದೆ; ವೋಲ್ಟೇಜಿಗೂ ಅದಕ್ಕೂ ಸಂಬಂಧವಿಲ್ಲ. ಡೋಪ್‌ಫರ್ ಪದ್ಧತಿಯಲ್ಲಿ ಆ ಒಂದನೇ ತಂತಿಗೆ ಬಂದಿರುವುದು −12. ಅಂದರೆ ಬ್ಯಾಟರಿಯ ಅಭ್ಯಾಸ ನಂಬಿದವನು ಪ್ರತಿ ಸಲವೂ ಉಲ್ಟಾ ಚುಚ್ಚುತ್ತಾನೆ. ನಾನು ಮಾಡಿದ್ದೂ ಅದನ್ನೇ. ಈಗ ಬೋರ್ಡಿನ ಮೇಲೆ ಒಂದು ದಪ್ಪ ಗೆರೆ ಎಳೆದು, ಪಕ್ಕದಲ್ಲೇ “−12” ಎಂದೂ ಬರೆಯುತ್ತೇನೆ.

“ಬಾಕ್ಸ್ ಹೆಡರ್ ಹಾಕಿದ್ದೀನಿ, ಉಲ್ಟಾ ಹೋಗೋದೇ ಇಲ್ಲ”

ಸುತ್ತ ಗೋಡೆ, ಒಂದು ಕಡೆ ಕಚ್ಚು ಇರುವ ಕನೆಕ್ಟರ್ ಒಳ್ಳೆಯದೇ. ಆದರೆ ಅದರ ಕಾಲುಗಳು ಬೋರ್ಡಿನ ತೂತಿಗೆ ಎರಡೂ ದಿಕ್ಕಿನಿಂದ ಇಳಿಯುತ್ತವೆ. ಹಾಗೆ ತಿರುಗಿ ಸಾಲ್ಡರ್ ಆದ ಹೆಡರ್ ಸರಿಯಾದ ಕೇಬಲ್ಲನ್ನೂ ತಪ್ಪು ದಿಕ್ಕಿನಲ್ಲೇ ಕೂರಿಸಿಕೊಳ್ಳುತ್ತದೆ. ಕೇಬಲ್ಲನ್ನು ಮನೆಯಲ್ಲೇ ಒತ್ತಿ ಮಾಡಿದ್ದರೆ ಇನ್ನೊಂದು ಪೇಚು: ಒಂದು ತುದಿಯ ಉಬ್ಬು ಒಂದು ಕಡೆ, ಇನ್ನೊಂದರದು ಮತ್ತೊಂದು ಕಡೆ. ಮೀಟರನ್ನು ಬೀಪ್‌ಗಿಟ್ಟು ತಂತಿ ತಂತಿಯನ್ನೂ ಮುಟ್ಟಿ ನೋಡದೆ ಬೇರೆ ದಾರಿಯಿಲ್ಲ.

“ಡಯೋಡ್ ಇದೆ, ಭಯ ಇಲ್ಲ”

ಇದನ್ನು ಸ್ವಲ್ಪ ಬಿಡಿಸಿಯೇ ನೋಡಬೇಕು. 10 ಪಿನ್ನಿನ ಕನೆಕ್ಟರಿನಲ್ಲಿ ಮೊದಲ ಜೋಡಿ −12, ನಡುವಿನ ಮೂರು ಜೋಡಿ ಗ್ರೌಂಡ್, ಕೊನೆಯ ಜೋಡಿ +12. ಇದನ್ನು ತಿರುಗಿಸಿದರೆ ಗ್ರೌಂಡ್ ಹೋಗಿ ಗ್ರೌಂಡಿನ ಮೇಲೇ ಬೀಳುತ್ತದೆ. ಪ್ಲಸ್ಸು ಮೈನಸ್ಸು ಅದಲುಬದಲು. ರಕ್ಷಣೆ ಇಲ್ಲದಿದ್ದರೆ ಐಸಿಗೆ 24 ವೋಲ್ಟ್ ತಲೆಕೆಳಗಾಗಿ ಬಡಿಯುತ್ತದೆ, ಅದರ ಸಿಲಿಕಾನಿನೊಳಗೆ ಆ ದಿಕ್ಕಿನ ಕರೆಂಟಿಗೆ ಸಲೀಸು ದಾರಿ ಇದ್ದೇ ಇರುತ್ತದೆ. ಎರಡೂ ಲೈನಿಗೆ ಸರಣಿಯಲ್ಲಿ ಒಂದೊಂದು ಡಯೋಡ್ ಇದ್ದರೆ ಏನೂ ಆಗುವುದಿಲ್ಲ; ಮಾಡ್ಯೂಲ್ ಸುಮ್ಮನೆ ಮಲಗಿರುತ್ತದೆ. ಇಲ್ಲಿಯವರೆಗೆ ಮಾತು ನಿಜ.

ಇನ್ನು 16 ಪಿನ್. ಅಲ್ಲಿನ ಸಾಲು ಹೀಗೆ: −12, ಮೂರು ಜೋಡಿ ಗ್ರೌಂಡ್, +12, +5, ಸಿವಿ, ಗೇಟ್ (ಕೊನೆಯೆರಡು ಸ್ವರ ನಿಯಂತ್ರಿಸುವ ಸಂಕೇತಗಳು). ಒಂದು ಕಾಗದದಲ್ಲಿ ಬರೆದು, ಇನ್ನೊಂದರಲ್ಲಿ ತಲೆಕೆಳಗಾಗಿ ಬರೆದು ಪಕ್ಕಪಕ್ಕ ಇಡಿ. ಮಾಡ್ಯೂಲಿನ ಗ್ರೌಂಡ್ ಪಿನ್ನುಗಳು ಬಂದು ಕೂತಿದ್ದು ಎಲ್ಲಿ? ಬಸ್ಸಿನ +12, +5, ಸಿವಿಗಳ ಮೇಲೆ. ಮಾಡ್ಯೂಲಿನೊಳಗೆ ಆ ಗ್ರೌಂಡೆಲ್ಲ ಒಂದೇ ತಾಮ್ರ. ಹಾಗಾಗಿ ನಿಮ್ಮ ಬೋರ್ಡೇ ಸೇತುವೆಯಾಗಿ +12ನ್ನು +5ಕ್ಕೆ ಕಟ್ಟಿಹಾಕುತ್ತದೆ. ಈ ದಾರಿಯಲ್ಲಿ ಡಯೋಡ್ ಸಿಗುವುದೇ ಇಲ್ಲ. +5ರ ಲೈನ್ 12ರತ್ತ ಏರುತ್ತದೆ, ಪೆಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಆ 5 ವೋಲ್ಟನ್ನೇ ನೆಚ್ಚಿಕೊಂಡ ಡಿಜಿಟಲ್ ಮಾಡ್ಯೂಲ್ ಸಾಯುತ್ತದೆ. ಉಲ್ಟಾ ಚುಚ್ಚಿಸಿಕೊಂಡದ್ದು ±12 ಮಾತ್ರ ಬಳಸುವಂಥದ್ದಾದರೆ, ಡಯೋಡಿನ ದಯೆಯಿಂದ ಗಟ್ಟಿಮುಟ್ಟಾಗಿರುತ್ತದೆ. ಹಣ್ಣು ತಿಂದವನು ತಪ್ಪಿಸಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ.

ಆದ್ದರಿಂದ +5, ಸಿವಿ, ಗೇಟ್ ಬೇಡದ ಮಾಡ್ಯೂಲಿಗೆ 16 ಪಿನ್ನಿನ ಹೆಡರ್ ಹಾಕಲೇಬೇಡಿ, 10 ಸಾಕು. ಮಾಡ್ಯೂಲಿನ ತುದಿಯಲ್ಲಿ ಈ ಅಪಾಯ ಅಲ್ಲಿಗೆ ಮುಗಿಯಿತು. ಬಸ್ ಬೋರ್ಡಿನ ತುದಿಯಲ್ಲಿ ಕೇಬಲ್ ತಿರುಗಿದರೆ ಮಾತ್ರ ಮತ್ತೆ ಅದೇ ಕಥೆ. ಬಾಕ್ಸ್ ಹೆಡರ್ ನಿಜವಾಗಿ ಬೇಕಾಗಿರುವುದು ಆ ತುದಿಗೆ.

ಡಯೋಡ್ ಹಾಕುವಾಗ ಕೈತಪ್ಪುವುದು −12ರ ಕಡೆ. +12ರಲ್ಲಿ ಡಯೋಡಿನ ಪಟ್ಟೆ ಮಾಡ್ಯೂಲಿನ ಕಡೆಗೆ, −12ರಲ್ಲಿ ಪಟ್ಟೆ ಕನೆಕ್ಟರಿನ ಕಡೆಗೆ. ಎರಡನ್ನೂ ಒಂದೇ ದಿಕ್ಕಿಗೆ ಹಾಕಿ, “ಮೈನಸ್ಸೇ ಬರ್ತಿಲ್ಲ” ಎಂದು ರಾತ್ರಿಯೆಲ್ಲ ತಲೆ ಕೆರೆದುಕೊಂಡವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ನಾನು ಹಾಕುವುದು 1ಎನ್5819 ಎಂಬ ಶಾಟ್ಕಿ ಡಯೋಡ್. ಅದರ ತಮ್ಮ 1ಎನ್5817 ತಡೆಯುವುದು 20 ವೋಲ್ಟ್ ಮಾತ್ರ. ಕೆಪಾಸಿಟರಿನಲ್ಲಿ ಇನ್ನೂ 12 ಉಳಿದಿರುವಾಗ ಉಲ್ಟಾ ಚುಚ್ಚಿದರೆ ಅದರ ಮೇಲೆ 24 ಬೀಳುತ್ತದೆ. 5819 ತಡೆಯುವುದು 40. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಟೀ ದುಡ್ಡಿಗೆ ನಾಲ್ಕೈದು ಬರುವ ವಸ್ತು, ಜಿಪುಣತನ ಬೇಕಿಲ್ಲ.

“ಡಯೋಡ್ ಹಾಕಿದ್ರೆ ಸೌಂಡ್ ಕೆಡುತ್ತೆ”

ಶಾಟ್ಕಿ ಡಯೋಡ್ ತಿನ್ನುವುದು ಸುಮಾರು 0.3 ವೋಲ್ಟ್. ±12ರಲ್ಲಿ ಟಿಎಲ್072 ಸುಮಾರು ±10.5ರವರೆಗೆ ಹೋಗುತ್ತದೆ ಎಂದಿಟ್ಟುಕೊಂಡರೆ ಈಗ ±10.2. ಯೂರೋರ‍್ಯಾಕಿನ ಆಡಿಯೊ ಓಡಾಡುವುದು ±5ರ ಆಸುಪಾಸಿನಲ್ಲಿ. ಕೆಡುವುದಕ್ಕೆ ಏನಿದೆ? ಒಂದು ಕಡೆ ಮಾತ್ರ ಈ ದೂರಿಗೆ ಕಿವಿಗೊಡಬೇಕು: ಆಸಿಲೇಟರ್. ಅಲ್ಲಿ ಒಂದು ವೋಲ್ಟಿಗೆ ಒಂದು ಸ್ಥಾಯಿ, ಅಂದರೆ ಒಂದು ಅರ್ಧಸ್ವರಕ್ಕೆ ಸುಮಾರು 83 ಮಿಲಿವೋಲ್ಟ್. ಡಯೋಡ್ ತಿನ್ನುವ ವೋಲ್ಟೇಜು ಬಿಸಿ ಏರಿದಂತೆ ಬದಲಾಗುತ್ತದೆ. ಶ್ರುತಿ ಕೂರಿಸುವ ವೋಲ್ಟೇಜನ್ನು ನೇರ +12ರಿಂದ ಎತ್ತಿದ್ದರೆ ಸ್ವರ ಜಾರುತ್ತದೆ. ಡಯೋಡಿನ ನಂತರ ಒಂದು ಸಣ್ಣ ರೆಗ್ಯುಲೇಟರ್ ಇಟ್ಟು ಅಲ್ಲಿಂದ ಎತ್ತಿಕೊಳ್ಳಿ, ಡಯೋಡನ್ನು ಕಿತ್ತೆಸೆಯಬೇಡಿ.

“ಪಾಲಿಫ್ಯೂಸ್ ಎಲ್ಲ ನೋಡ್ಕೊಳ್ಳುತ್ತೆ”

ಒಂಟಿಯಾಗಿ ಏನೂ ನೋಡಿಕೊಳ್ಳುವುದಿಲ್ಲ. ಪಾಲಿಫ್ಯೂಸ್ ಬಿಸಿಯಾಗಬೇಕು, ಆಮೇಲೆ ತಡೆಯಬೇಕು. ಅಷ್ಟರಲ್ಲಿ ಐಸಿಯ ತಿಥಿ ಆಗಿರುತ್ತದೆ. ಅದರ ಹಿಂದೆ ಲೈನಿನಿಂದ ಗ್ರೌಂಡಿಗೆ ಒಂದು ಉಲ್ಟಾ ಡಯೋಡ್ ಇದ್ದರೆ ಮಾತು ಬೇರೆ. ತಪ್ಪು ವೋಲ್ಟೇಜನ್ನು ಡಯೋಡ್ 0.7ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ, ಫ್ಯೂಸ್ ನಿಧಾನವಾಗಿ ಎದ್ದು ಬರಲಿ. ಪಾಲಿಫ್ಯೂಸಿನ ಬದಲು 10 ಓಮಿನ ಕಾಲು ವ್ಯಾಟ್ ರೆಸಿಸ್ಟರ್ ಹಾಕುವವರೂ ಇದ್ದಾರೆ. ಲೆಕ್ಕ ಹಾಕಿ: 11.3 ವೋಲ್ಟ್, 10 ಓಮ್, ಸುಮಾರು 1.1 ಆಂಪಿಯರ್, ಹತ್ತಿರ ಹತ್ತಿರ 13 ವ್ಯಾಟ್. ಕಾಲು ವ್ಯಾಟಿನವನ ತಲೆಮೇಲೆ ಐವತ್ತು ಪಟ್ಟು ಹೊರೆ. ಹೊಗೆಯಾಡಿ ಕಪ್ಪಾಗುತ್ತದೆ, ಬಹಳ ಸಲ ಫ್ಯೂಸಿನ ಕೆಲಸವನ್ನೂ ಮಾಡುತ್ತದೆ. ಆದರೆ ಮರದ ಪೆಟ್ಟಿಗೆಯೊಳಗೆ ಅಂಥದ್ದನ್ನು ನಾನಂತೂ ಇಡಲಾರೆ.

ಹೊಸ ಮಾಡ್ಯೂಲಿಗೆ ಮೊದಲ ಸಲ ಕರೆಂಟ್ ಕೊಡುವಾಗ ಐಸಿಗಳು ಸಾಕೆಟ್ಟಿನಲ್ಲಿ ಇರಬಾರದು. ಟಿಎಲ್072ರ ಖಾಲಿ ಸಾಕೆಟ್ಟಿನಲ್ಲಿ 8ನೇ ಕಾಲಿಗೆ +12ಕ್ಕಿಂತ ತುಸು ಕಡಿಮೆ, 4ನೇ ಕಾಲಿಗೆ ಅಷ್ಟೇ ಮೈನಸ್ ಕಂಡರೆ ಸರಿ. ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಐಸಿ ಕೂರಿಸಿ. ಅದರ ತಲೆಯ ಕಚ್ಚು ಯಾವ ಕಡೆಗಿದೆ ಎಂದು ಎರಡು ಸಲ ನೋಡಿ. ಅದು ತಿರುಗಿ ಕೂತರೆ 8ರ ಜಾಗಕ್ಕೆ 4 ಬರುತ್ತದೆ, ಮೇಲೆ ಹೇಳಿದ ಯಾವ ಡಯೋಡೂ ಅಡ್ಡ ಬರುವುದಿಲ್ಲ.